ಹಾರ್ಟ್ ಅಟ್ಯಾಕ್ ಭಯಕ್ಕೆ ಶುರುವಾದ ವಾಕಿಂಗ್ ಯಾಕೆ ನಿಂತೋಗುತ್ತೆ? ಅಭ್ಯಾಸ ಹೆಂಗೆ ಕೂರುತ್ತೆ ಅನ್ನೋದರ ಲೆಕ್ಕಾಚಾರ

2025ರ ಮೇ, ಜೂನ್ ತಿಂಗಳನ್ನ ಹಾಸನ ಜಿಲ್ಲೆಯೋರು ಮರೆಯೋಕಾಗಲ್ಲ. ಟಿವಿ ಹಾಕಿದ್ರೆ ಹಾರ್ಟ್ ಅಟ್ಯಾಕ್, ವಾಟ್ಸಾಪ್ ತೆಗೆದ್ರೆ ಹಾರ್ಟ್ ಅಟ್ಯಾಕ್, ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೋದ್ರು ಅಂತ ಸುದ್ದಿ, ಅದ್ರಲ್ಲಿ ಚಿಕ್ಕ ವಯಸ್ಸಿನೋರೂ ಇದ್ರು. ಎದೇಲಿ ಗ್ಯಾಸ್ ತುಂಬ್ಕೊಂಡಂಗೆ ಆದ್ರೂ ಸಾಕು, ಜನ ಮೈಸೂರು ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವಕ್ಕೇ ಕ್ಯೂ ನಿಂತ್ರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡ್ತು, ಜುಲೈನಲ್ಲಿ ವರದಿ ಬಂತು. ಹಾಸನದಲ್ಲಿ ಮಾತ್ರ ಏನೋ ವಿಚಿತ್ರವಾಗಿ ಸಾವು ಏರಿದೆ ಅನ್ನೋಕೆ ಆಧಾರ ಇಲ್ಲ, ಆದ್ರೆ ಶುಗರ್, ಬಿಪಿ, ಬೀಡಿ ಸಿಗರೇಟು, ಕುಡಿತ, ಬೊಜ್ಜು ಇವೆಲ್ಲ ಆ ಸಾವುಗಳಲ್ಲಿ ಮತ್ತೆ ಮತ್ತೆ ಕಾಣ್ತಿವೆ, ಸತ್ತೋರಲ್ಲಿ ಆಟೋ ಕ್ಯಾಬ್ ಓಡಿಸೋರೂ ಎದ್ದು ಕಾಣೋಷ್ಟು ಇದ್ದಾರೆ ಅನ್ನೋದು ಅದರ ಸಾರಾಂಶ.

ಆವಾಗ ಹಾಸನದ ಮಹಾರಾಜ ಪಾರ್ಕ್ ನೋಡ್ಬೇಕಿತ್ತು ನೀವು. ಹೊಸ ಶೂ, ಹೊಸ ಟ್ರ್ಯಾಕ್ ಪ್ಯಾಂಟು, ಕಿವೀಲಿ ಇಯರ್‌ಫೋನು, ನಡೆಯೋಕೂ ಜಾಗ ಇಲ್ಲದಷ್ಟು ಜನ. ಸಕ್ಕರೆ ಇಲ್ಲದ ಕಾಫಿ ಕೇಳೋರು ಹೆಚ್ಚಾದ್ರು. ಎಷ್ಟೋ ಜನ ಸಿಗರೇಟು ಬಿಟ್ಟೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದ್ರು. ಮಳೆ ಜೋರಾಗ್ತಿದ್ದಂಗೆ ಜನ ಕರಗಿದ್ರು, ಮಳೆ ನಿಂತ್ಮೇಲೂ ಅವರಲ್ಲಿ ಬಹಳಷ್ಟು ಜನ ವಾಪಸ್ ಬರ್ಲಿಲ್ಲ.

ಕೇಳಿದ್ರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ, "ಮನಸ್ಸು ಗಟ್ಟಿ ಇಲ್ಲ ಕಣ್ರೀ ನಂದು". ಸೈಕಾಲಜಿಯೋರು ಸುಮಾರು ಮೂವತ್ತು ವರ್ಷದಿಂದ ಇದನ್ನೇ ಕೆದಕ್ತಾ ಬಂದಿದ್ದಾರೆ, ಅವರಿಗೆ ಸಿಕ್ಕಿರೋ ಉತ್ತರ ಬೇರೆನೇ ಇದೆ. ಮನಸ್ಸು ಗಟ್ಟಿ ಇರೋದು ಬಿಡೋದು ಇಲ್ಲಿ ಅಷ್ಟು ದೊಡ್ಡ ವಿಷಯ ಅಲ್ಲ, ಆ ಕೆಲಸ ದಿನದ ಯಾವ ಜಾಗದಲ್ಲಿ, ಯಾವುದರ ಬಾಲ ಹಿಡ್ಕೊಂಡು ಬರುತ್ತೆ ಅನ್ನೋದೇ ದೊಡ್ಡದು. ಅದು ಹೆಂಗೆ ಅಂತ ಬುಡದಿಂದ ನೋಡೋಣ.

ಮೊದಲು, ಅಭ್ಯಾಸ ಅಂದ್ರೆ ಏನು

ದಿನಾ ಮಾಡೋದೆಲ್ಲ ಅಭ್ಯಾಸ ಅಲ್ಲ. ಯೋಚ್ನೆ ಮಾಡ್ದೇನೇ, ಒಂದು ಜಾಗ ಅಥವಾ ಹೊತ್ತು ಬಂದ ತಕ್ಷಣ ತಾನಾಗೇ ಕೈಕಾಲು ಶುರು ಮಾಡ್ಕೊಳ್ಳುತ್ತಲ್ಲ, ಅದು ಅಭ್ಯಾಸ. ಡ್ರೈವಿಂಗ್ ಕಲಿಯೋ ಹುಡುಗ ಕ್ಲಚ್ಚು, ಗೇರು, ಕನ್ನಡಿ ಅಂತ ಒಂದೊಂದನ್ನೂ ಮನಸ್ಸಲ್ಲಿ ಹೇಳ್ಕೊಂಡು ಬೆವರು ಸುರಿಸ್ತಾನೆ, ಅದೇ ಶಿರಾಡಿ ಘಾಟಿನಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿರೋರು ಪಕ್ಕದೋರ ಹತ್ರ ಮಗಳ ಮದುವೆ ವಿಷಯ ಮಾತಾಡ್ತಾ ತಿರುವಲ್ಲಿ ಗೇರ್ ಇಳಿಸ್ತಾರೆ, ಇಳಿಸಿದ್ದು ಅವರಿಗೇ ನೆನಪಿರಲ್ಲ.

ನಮ್ಮ ದಿನದಲ್ಲಿ ಇಂಥದ್ದು ಎಷ್ಟಿರಬಹುದು? ಅಮೆರಿಕದ ಸೈಕಾಲಜಿಸ್ಟ್ ವೆಂಡಿ ವುಡ್ ಮತ್ತವರ ಜೊತೆಯೋರು 2002ರಲ್ಲಿ ಒಂದು ಸ್ಟಡಿ ಪ್ರಕಟಿಸಿದ್ರು. ಸ್ಟೂಡೆಂಟ್ಸ್‌ಗೆ ಗಂಟೆಗೊಂದು ಸಲ ಅಲಾರಂ ಹೊಡೆಯೋ ಹಂಗೆ ಮಾಡಿ, ಈಗ ಏನು ಮಾಡ್ತಿದ್ದೀಯ, ಮನಸ್ಸಲ್ಲಿ ಏನು ಓಡ್ತಿದೆ ಅಂತ ಬರೆಸಿದ್ರು. ಬರೆದಿದ್ದರಲ್ಲಿ ಹೆಚ್ಚು ಕಮ್ಮಿ ಶೇಕಡ 43ರಷ್ಟು ಕೆಲಸ, ದಿನಾ ಅದೇ ಜಾಗದಲ್ಲಿ, ಮನಸ್ಸು ಬೇರೆಲ್ಲೋ ಇಟ್ಕೊಂಡು ಮಾಡಿದ್ದು. ಅಂದ್ರೆ ಎದ್ದಿರೋ ಹೊತ್ತಲ್ಲಿ ಅರ್ಧಕ್ಕೆ ಸ್ವಲ್ಪ ಕಮ್ಮಿ ಭಾಗ ನಾವು ತೀರ್ಮಾನ ಮಾಡಿ ನಡೆಸ್ತಿಲ್ಲ.

ಇದು ಮಿದುಳಿನ ಉಳಿತಾಯ. ಹೊಸ ಕೆಲಸ ಮಾಡ್ವಾಗ ಹಣೆ ಹಿಂದೆ ಇರೋ ಭಾಗ ಜಾಸ್ತಿ ದುಡಿಯುತ್ತೆ, ಲೆಕ್ಕ ಹಾಕೋದು, ಬೇಕು ಬೇಡ ಅನ್ನೋದು, ತಡ್ಕೊಳ್ಳೋದು ಎಲ್ಲ ಅದರ ಡಿಪಾರ್ಟ್‌ಮೆಂಟು. ಅದೇ ಕೆಲಸ ಅದೇ ಥರ ಮತ್ತೆ ಮತ್ತೆ ನಡೆದಾಗ ಜವಾಬ್ದಾರಿ ನಿಧಾನಕ್ಕೆ ಒಳಗಡೆ ಇರೋ ಬೇಸಲ್ ಗ್ಯಾಂಗ್ಲಿಯಾ ಅನ್ನೋ ಭಾಗಕ್ಕೆ ಹೋಗುತ್ತೆ. ಅಮೆರಿಕದ ಎಂಐಟಿ ಯೂನಿವರ್ಸಿಟಿಯ ಆನ್ ಗ್ರೇಬಿಯಲ್ ಅನ್ನೋ ವಿಜ್ಞಾನಿ ಇಲಿಗಳನ್ನ ಇಂಗ್ಲಿಷಿನ ಟಿ ಅಕ್ಷರದ ಆಕಾರದ ದಾರೀಲಿ ಓಡಿಸಿ ನೋಡಿದ್ರು. ಮೊದಮೊದಲು ಇಲಿ ಓಡೋ ದಾರಿಯುದ್ದಕ್ಕೂ ಈ ಭಾಗದ ನರಕೋಶಗಳು ಚುರುಕಾಗಿರ್ತಿದ್ವು. ದಾರಿ ರೂಢಿ ಆದ್ಮೇಲೆ ಶುರುವಿನಲ್ಲಿ ಒಂದು ಸಲ, ಕೊನೇಲಿ ಒಂದು ಸಲ ಮಾತ್ರ ಜೋರು, ಮಧ್ಯದಲ್ಲಿ ತಣ್ಣಗೆ. ಇಡೀ ಓಟ ಒಂದೇ ಕಟ್ಟಾಗಿ ಕೂತ್ಬಿಟ್ಟಿತ್ತು.

ಇದ್ರಲ್ಲಿ ಮೂರು ಭಾಗ ಇದೆ. ಶುರು ಮಾಡ್ಸೋ ಒಂದು ಸೂಚನೆ (ಹೊತ್ತು, ಜಾಗ, ವಾಸನೆ, ಜೊತೇಲಿರೋ ಜನ, ಏನಾದ್ರೂ ಆಗ್ಬಹುದು), ಆಮೇಲೆ ಕೆಲಸ, ಕೊನೇಲಿ ಸಿಗೋ ಖುಷಿ. ಬಸ್ ಸ್ಟ್ಯಾಂಡ್ ಟೀ ಅಂಗಡಿ ಮುಂದೆ ನಿಂತ ತಕ್ಷಣ ಕೈ ತಾನಾಗೇ ಜೇಬಿಗೆ ಹೋಗುತ್ತಲ್ಲ ಸಿಗರೇಟಿಗೆ, ಅಲ್ಲಿ ಅಂಗಡೀನೇ ಸೂಚನೆ.

ಅಭ್ಯಾಸ ಬಲವಾದ್ಮೇಲೆ ಕೊನೇದಾದ ಖುಷಿ ಇಲ್ಲದಿದ್ರೂ ಕೆಲಸ ನಡೀತಾನೇ ಇರುತ್ತೆ, ತಮಾಷೆ ಇರೋದೇ ಇಲ್ಲಿ. 2011ರಲ್ಲಿ ಬಂದ ಒಂದು ಸ್ಟಡೀಲಿ ಸಿನಿಮಾ ನೋಡೋಕೆ ಬಂದೋರಿಗೆ ಕೆಲವರಿಗೆ ಆಗತಾನೇ ಹುರಿದ ಪಾಪ್‌ಕಾರ್ನ್, ಕೆಲವರಿಗೆ ಒಂದು ವಾರದ ಹಳೇದು ಕೊಟ್ರು. ಥಿಯೇಟರಲ್ಲಿ ಯಾವಾಗ್ಲೂ ಪಾಪ್‌ಕಾರ್ನ್ ತಿನ್ನೋ ರೂಢಿ ಇರೋರು ಹಳೇದನ್ನೂ ಹೊಸದರಷ್ಟೇ ತಿಂದ್ರು, ಚೆನ್ನಾಗಿಲ್ಲ ಅಂತ ಹೇಳ್ಕೊಂಡೇ ತಿಂದ್ರು. ಅದೇ ಥರದ ಜನಕ್ಕೆ ಮೀಟಿಂಗ್ ರೂಮಲ್ಲಿ ಕೂರಿಸಿ ಕೊಟ್ರೆ ಹಳೇದನ್ನ ಕಮ್ಮಿ ತಿಂದ್ರು. ಥಿಯೇಟರಲ್ಲೇ ಯಾವಾಗ್ಲೂ ತಿನ್ನೋ ಕೈ ಬಿಟ್ಟು ಇನ್ನೊಂದು ಕೈಯಲ್ಲಿ ತಿನ್ನಿ ಅಂದಾಗ್ಲೂ ಹಂಗೇ ಆಯ್ತು. ರುಚಿ ತಿನ್ನಿಸ್ತಿರಲಿಲ್ಲ, ಆ ಸೀಟು, ಆ ಕತ್ತಲೆ, ಆ ಕೈ ತಿನ್ನಿಸ್ತಿತ್ತು.

ಮಾಲೆ ಹಾಕಿದಾಗ ಬಿಟ್ಟಿದ್ದು, ಮಾಲೆ ತೆಗೆದ್ಮೇಲೆ ಯಾಕೆ ಬರುತ್ತೆ?

ಇದನ್ನ ಅರ್ಥ ಮಾಡ್ಕೊಳ್ಳೋಕೆ ಲ್ಯಾಬೇ ಬೇಕಾಗಿಲ್ಲ, ನವೆಂಬರ್ ಡಿಸೆಂಬರ್‌ನಲ್ಲಿ ನಮ್ಮೂರ ಬೀದಿ ನೋಡಿದ್ರೆ ಸಾಕು. ದಿನಕ್ಕೊಂದು ಪ್ಯಾಕ್ ಸಿಗರೇಟು ಸೇದೋನು, ಸಂಜೆ ಆದ್ರೆ ಬಾರ್ ಕಡೆ ಕಾಲು ಎಳೆಯೋನು, ಅಯ್ಯಪ್ಪನ ಮಾಲೆ ಹಾಕಿದ ದಿನದಿಂದ ಎಲ್ಲ ಬಂದ್. ಬೆಳಿಗ್ಗೆ ನಾಲ್ಕಕ್ಕೆ ತಣ್ಣೀರು ಸ್ನಾನ, ಚಪ್ಪಲಿ ಇಲ್ಲ, ಚಾಪೆ ಮೇಲೆ ಮಲಗೋದು, ಮಂಡಲ ಪೂರ್ತಿ ಅಂದ್ರೆ 41 ದಿನ. ಮನೋಬಲ ಇಲ್ಲ ಅನ್ನೋದಾದ್ರೆ ಇದು ಹೆಂಗೆ ಸಾಧ್ಯ ಆಯ್ತು? ಶಬರಿಮಲೆಯಿಂದ ಬಂದು ಮಾಲೆ ತೆಗೆದ ವಾರದಲ್ಲೇ ಅದೇ ಮನುಷ್ಯ ಅದೇ ಬಾರಲ್ಲಿ ಕೂತಿರ್ತಾನೆ, ಅದೂ ಹೆಂಗೆ?

ಜನ ಇದಕ್ಕೆ ಭಕ್ತಿ, ಭಯ ಅಂತ ಕಾರಣ ಕೊಡ್ತಾರೆ, ಅದು ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ಜೊತೇಲಿ ಇನ್ನೇನೇನು ಬದಲಾಗುತ್ತೆ ನೋಡಿ. ಕಪ್ಪು ಬಟ್ಟೆ ನೋಡಿದ ತಕ್ಷಣ ಫ್ರೆಂಡ್ಸು ಸಿಗರೇಟು ಚಾಚಲ್ಲ, "ಸ್ವಾಮಿ" ಅಂತ ಕರೀತಾರೆ. ಹೆಂಡತಿ ಮಕ್ಕಳೂ ಹಂಗೇ ಕರೀತಾರೆ. ಸಂಜೆ ಕಾಲು ಬಾರ್ ಕಡೆ ಹೋಗೋ ಹೊತ್ತಿಗೆ ಭಜನೆ ಇರುತ್ತೆ, ಜೊತೆಗೆ ಹತ್ತು ಜನ ಸ್ವಾಮಿಗಳು ಇರ್ತಾರೆ. ಏಳೋ ಹೊತ್ತು ಬೇರೆ, ಊಟ ಬೇರೆ, ಮಲಗೋ ಜಾಗ ಬೇರೆ. ಹಳೇ ಅಭ್ಯಾಸಾನ ಎಬ್ಬಿಸೋ ಸೂಚನೆಗಳು ಒಂದೇ ಏಟಿಗೆ ಮಾಯ. ಅಭ್ಯಾಸ ಸತ್ತಿರಲ್ಲ, ಕರೆಯೋರಿಲ್ಲದೆ ಮಲಗಿರುತ್ತೆ ಅಷ್ಟೇ. ಮಾಲೆ ತೆಗೆದ ದಿನ ಆ ಸುತ್ತಲಿನ ವ್ಯವಸ್ಥೆನೂ ಬಿಚ್ಚಿ ಇಟ್ಟಂಗೆ ಆಗುತ್ತೆ, ಹಳೇ ಸೂಚನೆಗಳು ಎಲ್ಲಿದ್ವೋ ಅಲ್ಲೇ ಕಾಯ್ತಾ ಇರ್ತವೆ.

ಇದರ ಉಲ್ಟಾ ಉದಾಹರಣೆ ವಿಯೆಟ್ನಾಂ ಯುದ್ಧದಲ್ಲಿ ಸಿಗುತ್ತೆ. ಅಲ್ಲಿದ್ದ ಅಮೆರಿಕನ್ ಸೈನಿಕರಲ್ಲಿ ಐದರಲ್ಲೊಬ್ಬರು ಹೆರಾಯಿನ್ ಥರದ ಡ್ರಗ್ಸ್‌ಗೆ ದಾಸರಾಗಿದ್ರು, ಊರಿಗೆ ಬಂದ್ಮೇಲೆ ಏನು ಗತಿ ಅಂತ ಸರ್ಕಾರ ಹೆದರಿತ್ತು. ಲೀ ರಾಬಿನ್ಸ್ ಅನ್ನೋ ಸಂಶೋಧಕಿ ಆ ಸೈನಿಕರು ವಾಪಸ್ ಬಂದ್ಮೇಲೆ ಹುಡ್ಕೊಂಡು ಹೋಗಿ ವಿಚಾರಿಸಿದ್ರು. ಅಲ್ಲಿ ದಾಸರಾಗಿದ್ದೋರಲ್ಲಿ ಮೊದಲ ವರ್ಷದೊಳಗೆ ಮತ್ತೆ ಚಟಕ್ಕೆ ಬಿದ್ದೋರು ನೂರಕ್ಕೆ ಐದು ಜನ ಮಾತ್ರ. ಕಾರಣ ಒಂದೇ ಅಲ್ಲ, ಅಲ್ಲಿ ಸಿಕ್ಕಷ್ಟು ಸುಲಭಕ್ಕೆ ಅಗ್ಗಕ್ಕೆ ಅಮೆರಿಕದಲ್ಲಿ ಸಿಗ್ತಿರಲಿಲ್ಲ, ಯುದ್ಧದ ಒತ್ತಡ ಇರಲಿಲ್ಲ. ಆದ್ರೆ ಇಡೀ ಸುತ್ತಲಿನ ಲೋಕ ಬದಲಾಗಿತ್ತು ಅನ್ನೋದು ದೊಡ್ಡ ಕಾರಣ. ಅವರು ಚಟ ಬಿದ್ದ ಜಾಗ ಬಿಟ್ಟು ಊರಿಗೆ ಬಂದ್ರು, ನಮ್ಮ ಸ್ವಾಮಿ 41 ದಿನ ಆದ್ಮೇಲೆ ಚಟ ಬಿದ್ದ ಜಾಗಕ್ಕೇ ವಾಪಸ್ ಬರ್ತಾನೆ.

ಹಂಗಾದ್ರೆ ಮನೋಬಲ ಅನ್ನೋದೇ ಇಲ್ವಾ?

ಇದೆ. ಆದ್ರೆ ನಾವು ಅಂದ್ಕೊಂಡಿರೋ ಥರ ಹಲ್ಲು ಕಚ್ಕೊಂಡು ತಡೆಯೋ ಶಕ್ತಿ ಅಲ್ಲ.

1998ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಜೊತೆಯೋರು ಹಸಿದ ಸ್ಟೂಡೆಂಟ್ಸ್‌ನ ಘಮಘಮ ಅನ್ನೋ ಬಿಸ್ಕತ್ತಿನ ಮುಂದೆ ಕೂರಿಸಿ, ಕೆಲವರಿಗೆ ಬರೀ ಮೂಲಂಗಿ ತಿನ್ನಿ ಅಂದ್ರು (ಪಾಪ). ಆಮೇಲೆ ಬಿಡಿಸೋಕಾಗದ ಒಗಟು ಕೊಟ್ರೆ ಮೂಲಂಗಿ ತಿಂದೋರು ಸುಮಾರು 8 ನಿಮಿಷಕ್ಕೆ ಕೈ ಚೆಲ್ಲಿದ್ರು, ಬಿಸ್ಕತ್ತು ತಿಂದೋರು 19 ನಿಮಿಷ ಕೂತ್ರು. ಮನೋಬಲ ಖರ್ಚಾಗಿ ಖಾಲಿಯಾಗುತ್ತೆ ಅನ್ನೋ ಮಾತು ಇಲ್ಲಿಂದ ಜಗತ್ತಿಗೆಲ್ಲ ಹಬ್ಬಿತು. 2016ರಲ್ಲಿ 23 ಲ್ಯಾಬ್‌ಗಳು ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಆ ತತ್ವಾನ ಪರೀಕ್ಷೆ ಮಾಡಿದ್ವು, ಪರಿಣಾಮ ಹೆಚ್ಚು ಕಮ್ಮಿ ಸೊನ್ನೆ ಬಂತು. ಈಗಲೂ ವಾದ ನಡೀತಾನೇ ಇದೆ, ಆದ್ರೆ ಮೊದಲಿದ್ದ ಆತ್ಮವಿಶ್ವಾಸದಲ್ಲಿ ಯಾರೂ ಅದನ್ನ ಹೇಳ್ತಿಲ್ಲ.

ಇನ್ನೊಂದು ಎಲ್ಲರೂ ಕೇಳಿರೋದು, ಸ್ಟ್ಯಾನ್‌ಫರ್ಡ್‌ನ ವಾಲ್ಟರ್ ಮಿಶೆಲ್ ಮಕ್ಕಳ ಮುಂದೆ ಮಾರ್ಷ್‌ಮೆಲೋ ಅನ್ನೋ ಸಿಹಿತಿಂಡಿ ಇಟ್ಟು, ನಾನು ಬರೋವರೆಗೂ ತಿನ್ನದೆ ಇದ್ರೆ ಇನ್ನೊಂದು ಕೊಡ್ತೀನಿ ಅಂದಿದ್ದು. ಕಾದ ಮಕ್ಕಳು ಮುಂದೆ ಜೀವನದಲ್ಲಿ ಮುಂದೆ ಬಂದ್ರು ಅಂತ ಕಥೆ. 2018ರಲ್ಲಿ ಸುಮಾರು 900 ಮಕ್ಕಳ ಮಾಹಿತಿ ಇಟ್ಕೊಂಡು ಮತ್ತೆ ನೋಡಿದಾಗ ಮನೆ ಪರಿಸ್ಥಿತಿ, ತಾಯಿ ಓದು ಇವನ್ನೆಲ್ಲ ಲೆಕ್ಕಕ್ಕೆ ತಗೊಂಡ್ರೆ ಆ ಸಂಬಂಧ ಬಹಳ ಸಣ್ಣದಾಯ್ತು. ನನಗೆ ಈ ಪ್ರಯೋಗದಲ್ಲಿ ಇಷ್ಟ ಆಗೋದು ಬೇರೆ ಒಂದು ವಿವರ. ಕಾದ ಮಕ್ಕಳು ತಿಂಡೀನ ದಿಟ್ಟಿಸಿ ನೋಡ್ತಾ ಕಾದಿರಲಿಲ್ಲ, ಕಣ್ಣು ಮುಚ್ಕೊಂಡ್ರು, ಆ ಕಡೆ ತಿರುಗಿ ಕೂತ್ರು, ಹಾಡು ಹೇಳ್ಕೊಂಡ್ರು.

ದೊಡ್ಡೋರ ವಿಷಯದಲ್ಲೂ ಹಂಗೇ. ವಿಲ್‌ಹೆಲ್ಮ್ ಹಾಫ್‌ಮನ್ ಅನ್ನೋರ ತಂಡ 2012ರಲ್ಲಿ ಜರ್ಮನಿಯ ಇನ್ನೂರೈದು ಜನಕ್ಕೆ ಒಂದು ವಾರ ಫೋನ್ ಕೊಟ್ಟು, ದಿನದಲ್ಲಿ ಹಲವು ಸಲ ಈಗ ಏನು ಆಸೆ ಆಗ್ತಿದೆ, ತಡ್ಕೊಳ್ತಿದ್ದೀರಾ ಅಂತ ಕೇಳಿದ್ರು. ಸ್ವಯಂ ನಿಯಂತ್ರಣ ಜಾಸ್ತಿ ಇರೋರು ಜಾಸ್ತಿ ತಡ್ಕೊಳ್ತಾರೆ ಅಂತ ತಾನೇ ನಾವು ಅಂದ್ಕೊಳ್ಳೋದು? ಅವರು ತಡ್ಕೊಳ್ತಿದ್ದಿದ್ದು ಕಮ್ಮಿ. ತಡೀಬೇಕಾದ ಆಸೆ ಎದುರಿಗೆ ಬರೋದೇ ಅವರಿಗೆ ಕಮ್ಮಿ ಇತ್ತು. ನಮ್ಮ ಭಾಷೇಲಿ ಹೇಳೋದಾದ್ರೆ ಶಿಸ್ತಿನ ಮನುಷ್ಯ ಅಂದ್ರೆ ಬೇಕರಿ ಮುಂದೆ ನಿಂತು ಬಾಯಲ್ಲಿ ನೀರು ನುಂಗ್ತಾ ಆಸೆ ಗೆಲ್ಲೋನಲ್ಲ, ಆ ಬೇಕರಿ ರೋಡಲ್ಲಿ ಹೋಗ್ದೇ ಇರೋನು.

ಎಫ್‌ಡಿಎ, ಪಿಎಸ್‌ಐ ಅಂತ ಪರೀಕ್ಷೆಗೆ ಓದ್ತಿರೋ ಹುಡುಗ ಹುಡುಗೀರಿಗೆ ಇದು ನೇರ ಉಪಯೋಗಕ್ಕೆ ಬರುತ್ತೆ. ಫೋನ್ ಪಕ್ಕದಲ್ಲಿಟ್ಕೊಂಡು ರೀಲ್ಸ್ ನೋಡಲ್ಲ ಅಂತ ಶಪಥ ಮಾಡೋದು ಒಂದು ದಾರಿ, ಫೋನನ್ನ ಅಡುಗೆಮನೇಲಿ ಅಮ್ಮನ ಹತ್ರ ಕೊಟ್ಟು ಬಂದು ಲೈಬ್ರರೀಲಿ ಕೂರೋದು ಇನ್ನೊಂದು ದಾರಿ. ಎರಡನೇದ್ರಲ್ಲಿ ಶಿಸ್ತು ಒಂದೇ ಸಲ ಬೇಕು, ಮೊದಲನೇದ್ರಲ್ಲಿ ನಿಮಿಷಕ್ಕೊಂದು ಸಲ.

ಭಯ ಇದ್ರೆ ಸಾಲಲ್ಲ, ಗಂಟೆ ಗೊತ್ತಾಗಬೇಕು

ಈಗ ವಾಕಿಂಗ್ ವಿಷಯಕ್ಕೆ ಬರೋಣ, ಯಾಕಂದ್ರೆ ಹಾಸನದಲ್ಲಿ ನಡೆದಿದ್ದಕ್ಕೆ ತುಂಬ ಹತ್ರ ಇರೋ ಒಂದು ಪ್ರಯೋಗ ಬ್ರಿಟನ್‌ನಲ್ಲಿ ಆಗಿದೆ. 2002ರಲ್ಲಿ ಪ್ರಕಟವಾಗಿದ್ದು, 248 ಸ್ಟೂಡೆಂಟ್ಸ್ ಇದ್ರು, ಮೂರು ಗುಂಪು ಮಾಡಿದ್ರು. ಒಂದು ಗುಂಪಿಗೆ ವಿಶೇಷವಾಗಿ ಏನೂ ಹೇಳಲಿಲ್ಲ. ಎರಡನೇ ಗುಂಪಿಗೆ ಹೃದಯದ ಕಾಯಿಲೆ ಎಷ್ಟು ಅಪಾಯ, ವ್ಯಾಯಾಮ ಮಾಡಿದ್ರೆ ಹೆಂಗೆ ಕಮ್ಮಿಯಾಗುತ್ತೆ ಅಂತ ಓದಿಸಿದ್ರು. ಮೂರನೇ ಗುಂಪಿಗೆ ಅದನ್ನೂ ಓದಿಸಿ, ಜೊತೆಗೆ ಒಂದು ವಾಕ್ಯ ತುಂಬಿಸಿದ್ರು: ಮುಂದಿನ ವಾರ ನಾನು ಇಂಥ ದಿನ, ಇಷ್ಟು ಗಂಟೆಗೆ, ಇಂಥ ಜಾಗದಲ್ಲಿ ಕನಿಷ್ಠ 20 ನಿಮಿಷ ವ್ಯಾಯಾಮ ಮಾಡ್ತೀನಿ.

ಮುಂದಿನ ವಾರ ವ್ಯಾಯಾಮ ಮಾಡಿದೋರು ಮೊದಲ ಗುಂಪಲ್ಲಿ ನೂರಕ್ಕೆ 38, ಹೃದಯದ ಕಾಯಿಲೆ ಬಗ್ಗೆ ಓದಿ ಹೆದರಿದ ಗುಂಪಲ್ಲಿ 35, ಗಂಟೆ ಜಾಗ ಬರ್ಕೊಂಡ ಗುಂಪಲ್ಲಿ 91. ಹೆದರಿದೋರ ಉದ್ದೇಶವೇನೋ ಗಟ್ಟಿಯಾಗಿತ್ತು, ಮಾಡ್ತೀವಿ ಅಂತಾನೇ ಹೇಳಿದ್ರು. ಮಾಡಲಿಲ್ಲ ಅಷ್ಟೇ. ಒಂದೇ ವಾರದ ಮಾತು ಇದು, ಮುಂದೆ ವರ್ಷಗಟ್ಟಲೆ ಮಾಡಿದ್ರಾ ಅನ್ನೋದು ಬೇರೆ ಪ್ರಶ್ನೆ, ಆದ್ರೂ ಅಂತರ ನೋಡಿ.

ಇಂಥ ಯೋಜನೆಯ ಬಗ್ಗೆ ಮೊದಲು ಕೆಲಸ ಮಾಡಿದೋರು ಜರ್ಮನಿಯ ಪೀಟರ್ ಗೋಲ್‌ವಿಟ್ಜರ್. "ಇಂಥದ್ದು ಆದಾಗ, ನಾನು ಇಂಥದ್ದು ಮಾಡ್ತೀನಿ" ಅನ್ನೋ ಅಚ್ಚು. 2006ರಲ್ಲಿ ಅವರು ಮತ್ತು ಪಾಸ್ಕಲ್ ಶೀರನ್ 94 ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ, ಬರೀ ಗುರಿ ಇಟ್ಕೊಂಡೋರಿಗಿಂತ ಹಿಂಗೆ ಕಟ್ಟಿ ಹೇಳ್ಕೊಂಡೋರು ಗುರಿ ಮುಟ್ಟೋದು ಗಮನಾರ್ಹವಾಗಿ ಜಾಸ್ತಿ ಇತ್ತು. "ನಾಳೆಯಿಂದ ವಾಕಿಂಗ್ ಮಾಡ್ತೀನಿ" ಅನ್ನೋದರಲ್ಲಿ ನಾಳೆ ಯಾವಾಗ ಅನ್ನೋ ತೀರ್ಮಾನ ನಾಳೆಗೇ ಬಿಟ್ಟಿರುತ್ತೆ, ನಾಳೆ ಬೆಳಿಗ್ಗೆ ಕಂಬಳಿ ಒಳಗೆ ಮಲಗಿರೋ ಮನುಷ್ಯನ ಕೈಗೆ ಆ ತೀರ್ಮಾನ ಕೊಟ್ರೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು.

ಸೂಚನೆ ಅಂದ್ರೆ ಮೊಬೈಲ್ ಅಲಾರಂ ಅಂತ ಬಹಳ ಜನ ಅಂದ್ಕೋತಾರೆ. ಅಲಾರಂನ ಆಫ್ ಮಾಡಿ ಮಲಗೋದೇ ಒಂದು ಅಭ್ಯಾಸ ಆಗೋದು ಜಾಸ್ತಿ. ಈಗಾಗಲೇ ತಪ್ಪದೇ ನಡೀತಿರೋ ಕೆಲಸದ ಬಾಲಕ್ಕೆ ಕಟ್ಟೋದು ಒಳ್ಳೇದು. ನಮ್ಮ ಹಳ್ಳಿ ಕಡೆ ಹಸು ಸಾಕಿರೋರ ಮನೇಲಿ ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕೋದು ತಪ್ಪುತ್ತಾ? ಜ್ವರ ಬಂದ್ರೂ ತಪ್ಪಲ್ಲ. ಹಸು ಕೂಗುತ್ತೆ, ಡೈರಿ ಬಾಗಿಲು ಹಾಕ್ತಾರೆ, ಹಾಲು ಕೆಡುತ್ತೆ, ಅಲ್ಲಿ ಮೂಡು ಕೇಳೋರು ಯಾರೂ ಇಲ್ಲ. ಸಂಜೆ ಹಾಲು ಹಾಕಿ ಕ್ಯಾನ್ ತೊಳೆದಿಟ್ಟ ತಕ್ಷಣ ಬಿಪಿ ಮಾತ್ರೆ, ಅಥವಾ ಡೈರಿಯಿಂದ ಬರ್ತಾ ಕೆರೆ ಏರಿ ಮೇಲೆ ಆ ಕಡೆಯಿಂದ ಸುತ್ತಿ ಬರೋದು. ಟೌನಲ್ಲಿರೋರಿಗೆ ಮಗೂನ ಸ್ಕೂಲ್ ವ್ಯಾನ್ ಹತ್ತಿಸಿದ್ಮೇಲೆ ಮನೆಗೆ ಬರದೆ ಹಂಗೇ ನಡೆಯೋದು. ಆಟೋ ಓಡಿಸೋರಿಗೆ ಸ್ಟ್ಯಾಂಡಿಗೆ ಬಂದು ಕ್ಯೂನಲ್ಲಿ ಗಾಡಿ ನಿಲ್ಲಿಸಿದ ತಕ್ಷಣ ಸೀಟಲ್ಲೇ ಕೂರದೆ ರೋಡಿನ ತುದಿವರೆಗೂ ಎರಡು ರೌಂಡು.

ಡ್ರೈವರ್‌ಗಳು ಬೆಳಿಗ್ಗೆ ಐದಕ್ಕೆ ಒಂದು ಗಂಟೆ ಪಾರ್ಕಲ್ಲಿ ನಡೆಯೋಕಾಗಲ್ಲ, ನಿದ್ದೆನೇ ಆಗಿರಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದು ದೊಡ್ಡೋರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಅದು ಒಂದೇ ಸಲ ಆಗ್ಬೇಕು ಅಂತಿಲ್ಲ, ಹಿಂದೆ ಇದ್ದ ಕನಿಷ್ಠ ಹತ್ತು ನಿಮಿಷದ ಷರತ್ತನ್ನೂ ತೆಗೆದಿದ್ದಾರೆ. ಚಿಲ್ರೆ ಚಿಲ್ರೆ ಸೇರಿದ್ರೂ ಲೆಕ್ಕಕ್ಕೆ ಬರುತ್ತೆ.

21 ದಿನ ಸಾಕು ಅಂತಾರಲ್ಲ?

ಇದು ಸುಳ್ಳು. 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನೋ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಒಂದು ಮಾತು ಬರೆದಿದ್ರು, ಮುಖದ ಆಪರೇಷನ್ ಮಾಡಿಸ್ಕೊಂಡೋರಿಗೆ ಹೊಸ ಮುಖ ರೂಢಿ ಆಗೋಕೆ ಕನಿಷ್ಠ 21 ದಿನ ಬೇಕು ಅಂತ. "ಕನಿಷ್ಠ" ಅನ್ನೋದು ಬಾಯಿಂದ ಬಾಯಿಗೆ ಹೋಗ್ತಾ ಬಿದ್ದೋಯ್ತು, ಮುಖ ಅನ್ನೋದೂ ಬಿದ್ದೋಯ್ತು, 21 ಮಾತ್ರ ಉಳೀತು.

ನಿಜವಾಗಿ ಅಳೆದು ನೋಡಿದ್ದು ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ತಂಡ, 2010ರ ಪತ್ರಿಕೆಯಲ್ಲಿ ಬಂತು. 96 ಜನ, 12 ವಾರ. ಊಟದ ಜೊತೆ ಒಂದು ಲೋಟ ನೀರು, ಒಂದು ಹಣ್ಣು, ರಾತ್ರಿ ಊಟಕ್ಕೆ ಮುಂಚೆ ಓಟ, ಹಿಂಗೆ ಒಬ್ಬೊಬ್ಬರು ಒಂದೊಂದು ಆರಿಸ್ಕೊಂಡು, ದಿನಾ ಒಂದೇ ಸೂಚನೆಗೆ ಕಟ್ಟಿ, ಎಷ್ಟು ತಾನಾಗೇ ಆಗ್ತಿದೆ ಅಂತ ಮಾರ್ಕ್ಸ್ ಹಾಕ್ಕೊಂಡ್ರು. ಅಭ್ಯಾಸ ಕೂರೋಕೆ ಹಿಡಿದ ಸಮಯದ ನಡುಮಧ್ಯದ ಅಂಕಿ 66 ದಿನ. ಬೇಗ ಆದೋರಿಗೆ 18 ದಿನ, ನಿಧಾನದೋರಿಗೆ 254 ದಿನ (ಸ್ಟಡಿ ನಡೆದಿದ್ದೇ 84 ದಿನ, ಹಂಗಾಗಿ 254 ಅನ್ನೋದು ಅವರ ಪ್ರಗತಿ ನೋಡಿ ಲೆಕ್ಕ ಹಾಕಿ ಮುಂದುವರಿಸಿದ್ದು). ನೀರು ಕುಡಿಯೋದು ಬೇಗ, ವ್ಯಾಯಾಮ ನಿಧಾನ.

ಹಾಲಿಗೆ ಹೆಪ್ಪು ಹಾಕಿದಂಗೆ ಇದು. ಏಪ್ರಿಲ್ ಸೆಖೆಗೆ ನಾಲ್ಕೈದು ಗಂಟೆಗೆ ಮೊಸರಾಗುತ್ತೆ, ಸಕಲೇಶಪುರದ ಡಿಸೆಂಬರ್ ಚಳೀಲಿ ಪಾತ್ರೆಗೆ ಬಟ್ಟೆ ಸುತ್ತಿ ಒಲೆ ಪಕ್ಕ ಇಟ್ರೂ ಬೆಳಿಗ್ಗೆವರೆಗೆ ಕಾಯ್ಬೇಕು. ಹೆಪ್ಪಿನ ಮೊಸರು ಒಂದು ಚಮಚ ಸಾಕು, ಜಾಸ್ತಿ ಸುರಿದ್ರೆ ಹುಳಿಯಾಗುತ್ತೆ. ಮಧ್ಯೆ ಮಧ್ಯೆ ಮುಚ್ಚಳ ತೆಗೆದು ಅಲ್ಲಾಡಿಸಿ ನೋಡೋರ ಮನೇಲಿ ಮೊಸರು ಗಟ್ಟಿ ಆಗಲ್ಲ. ಮೊದಲ ದಿನಾನೇ ಐದು ಕಿಲೋಮೀಟರ್ ನಡೆದು, ವಾರಕ್ಕೆ ತೂಕದ ಮಷೀನ್ ಹತ್ತಿ ಬೇಜಾರು ಮಾಡ್ಕೊಳ್ಳೋರು ಮಾಡೋದು ಇದನ್ನೇ.

ಲ್ಯಾಲಿ ತಂಡಕ್ಕೆ ಸಿಕ್ಕ ಇನ್ನೊಂದು ವಿಷಯ, ನನ್ನ ಪ್ರಕಾರ 66ಕ್ಕಿಂತ ಮುಖ್ಯವಾದದ್ದು. ಮಧ್ಯೆ ಒಂದು ದಿನ ತಪ್ಪಿದ್ರೆ ಅಭ್ಯಾಸ ಕೂರೋದಕ್ಕೆ ಹೇಳ್ಕೊಳ್ಳೋಂಥ ಹೊಡೆತ ಬೀಳಲ್ಲ. ಜನ ಬಿಡೋದು ತಪ್ಪಿದ ದಿನ ಅಲ್ಲ, ತಪ್ಪಿದ ಮಾರನೇ ದಿನ, "ಹೋಯ್ತು ಬಿಡು, ಯುಗಾದಿಯಿಂದ ಶುರು ಮಾಡೋಣ" ಅಂತ. ಅಂದಹಾಗೆ ಹೊಸ ತಿಂಗಳು, ಹುಟ್ಟಿದ ಹಬ್ಬ, ಸೋಮವಾರ ಇಂಥ ದಿನ ಬಂದ್ಮೇಲೆ ಜಿಮ್‌ಗೆ ಹೋಗೋರು ಹೆಚ್ಚಾಗ್ತಾರೆ ಅಂತ 2014ರ ಒಂದು ಸಂಶೋಧನೇಲಿ ತೋರಿಸಿದ್ದಾರೆ, ಹಂಗಾಗಿ ಯುಗಾದಿಗೆ ಶುರು ಮಾಡೋದ್ರಲ್ಲಿ ತಪ್ಪಿಲ್ಲ. ಯುಗಾದಿಗೆ ಇನ್ನೂ ಎಂಟು ತಿಂಗಳು ಇರೋವಾಗ ಹಂಗೆ ಹೇಳೋದು ಕಷ್ಟ.

ನಮ್ಮ ಕಡೆ ಇನ್ನೊಂದು ವಿಶೇಷ ತೊಂದರೆ ಇದೆ, ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಕೊಡೆ ಹಿಡಿದು ನಡೆಯೋಕೂ ಆಗದ ದಿನಗಳೇ ಜಾಸ್ತಿ. ಒಂದೆರಡು ದಿನ ಅಲ್ಲ, ವಾರಗಟ್ಟಲೆ ಸೂಚನೇನೇ ಮಾಯ. ಇಂಥ ಕಡೆ ಎರಡನೇ ವಾಕ್ಯ ಮೊದಲೇ ರೆಡಿ ಇರ್ಬೇಕು: ಮಳೆ ಇದ್ರೆ ಅದೇ ಹೊತ್ತಿಗೆ ಜಗಲೀಲಿ ಅಥವಾ ಕಾಫಿ ಗೋಡೌನ್ ಒಳಗೆ ಇಪ್ಪತ್ತು ನಿಮಿಷ. ವ್ಯಾಯಾಮ ಕಮ್ಮಿ ಆದ್ರೂ ಪರವಾಗಿಲ್ಲ, ಹೊತ್ತು ಉಳ್ಕೊಳ್ಳುತ್ತೆ.

ಖುಷಿ ಯಾವಾಗ ಸಿಗ್ಬೇಕು

ಸಿಗರೇಟಿನ ಖುಷಿ ಸೆಕೆಂಡುಗಳಲ್ಲಿ ಸಿಗುತ್ತೆ, ಸಿಗರೇಟು ಬಿಟ್ಟ ಖುಷಿ ವರ್ಷಗಳಾದ್ಮೇಲೆ. ಮಿದುಳು ಹತ್ತಿರದ ಖುಷಿಗೇ ಜಾಸ್ತಿ ಬೆಲೆ ಕೊಡುತ್ತೆ. ಡೋಪಮೈನ್ ಅನ್ನೋ ರಾಸಾಯನಿಕದ ಹೆಸರು ಈಗ ಎಲ್ಲರೂ ಕೇಳಿರ್ತೀರ, ಅದನ್ನ ಬರೀ ಖುಷಿಯ ಕೆಮಿಕಲ್ ಅನ್ನೋದು ಪೂರ್ತಿ ಸರಿ ಇಲ್ಲ. ವುಲ್ಫ್ರಾಂ ಶುಲ್ಟ್ಸ್ ಕೋತಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಗೊತ್ತಾಗಿದ್ದು, ಮೊದಲು ಜ್ಯೂಸ್ ಸಿಕ್ಕಾಗ ಚುರುಕಾಗ್ತಿದ್ದ ಡೋಪಮೈನ್ ನರಕೋಶಗಳು, ಜ್ಯೂಸ್ ಬರುತ್ತೆ ಅನ್ನೋ ಸೂಚನೆ ರೂಢಿಯಾದ್ಮೇಲೆ ಸೂಚನೆ ಕಂಡಾಗ್ಲೇ ಚುರುಕಾಗ್ತಿದ್ವು. ಬೋಂಡದ ವಾಸನೆಗೇ ಮನಸ್ಸು ಅರ್ಧ ತಿಂದು ಮುಗಿಸಿರುತ್ತೆ ಅಂತ ಇಟ್ಕೊಳ್ಳಿ.

ಹಂಗಾಗಿ ನಿಧಾನ ಫಲ ಕೊಡೋ ಕೆಲಸಕ್ಕೆ ತಕ್ಷಣದ ಖುಷಿ ಒಂದನ್ನ ಜೊತೆ ಮಾಡ್ಬೇಕು. ಕೇಟಿ ಮಿಲ್ಕ್‌ಮನ್ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ರೋಚಕ ಕಾದಂಬರಿಗಳ ಆಡಿಯೋನ ಜಿಮ್ಮಲ್ಲಿ ಮಾತ್ರ ಕೇಳೋಕೆ ಬಿಟ್ರು. ಮುಂದಿನ ಕಥೆ ಏನಾಯ್ತು ಅಂತ ತಿಳ್ಕೊಳ್ಳೋಕಾದ್ರೂ ಬರ್ತಿದ್ರು, ಶುರುವಿನಲ್ಲಿ ಮಿಕ್ಕವರಿಗಿಂತ ಶೇಕಡ 51ರಷ್ಟು ಜಾಸ್ತಿ ಬಂದ್ರು. ಆಮೇಲೆ ಅಲ್ಲಿನ ದೊಡ್ಡ ಹಬ್ಬದ ರಜೆ ಬಂತು, ರಜೆ ಮುಗಿಸಿ ಬಂದ್ಮೇಲೆ ಪರಿಣಾಮ ಇಳಿದೋಯ್ತು. ನಮಗೂ ದೀಪಾವಳಿ ಹೊತ್ತಿಗೆ ಹಾಸನಾಂಬೆ ಬಾಗಿಲು ತೆಗೀತಾರಲ್ಲ, ನೆಂಟರಿಷ್ಟರು, ದರ್ಶನದ ಪಾಸು, ರಾತ್ರಿಯಿಡೀ ಕ್ಯೂ, ಆ ಹದಿನೈದು ದಿನದಲ್ಲಿ ಹಾಸನ ಟೌನಲ್ಲಿ ಯಾರ ದಿನಚರಿ ಉಳಿದಿದೆ ಹೇಳಿ.

ಮನೇಲಿ ನೋಡೋ ಸೀರಿಯಲ್ಲಿನ ಹಿಂದಿನ ದಿನದ ಎಪಿಸೋಡ್, ಇಷ್ಟದ ಹರಿಕಥೆ, ಕ್ರಿಕೆಟ್ ಮಾತು, ಯಾವುದಾದ್ರೂ ಸರಿ, ನಡೀವಾಗ ಮಾತ್ರ ಕೇಳೋದು ಅಂತ ಇಟ್ಕೋಬಹುದು. ವಾಕಿಂಗ್ ಮುಗಿಸಿ ಎರಡು ವಡೆ ತಿನ್ನೋ ಪದ್ಧತಿ ಬಗ್ಗೆ ಮಾತ್ರ ನಾನು ಏನೂ ಹೇಳಲ್ಲ, ಮಹಾರಾಜ ಪಾರ್ಕಿನ ಸುತ್ತಮುತ್ತ ಹೋಟೆಲಿಗೆ ಬೆಳಿಗ್ಗೆ ಹೋದೋರಿಗೆ ಗೊತ್ತಿದೆ.

ನಾಲ್ಕು ಜನ ನೋಡ್ತಿದ್ರೆ

ದುಡ್ಡು ಕೂಡಿಡೋ ಅಭ್ಯಾಸ ಒಬ್ಬೊಬ್ಬರೇ ಮಾಡೋಕೆ ಹೋದ್ರೆ ಎಷ್ಟು ಕಷ್ಟ, ಅದೇ ಹೆಂಗಸರು ಸ್ವಸಹಾಯ ಸಂಘದಲ್ಲಿ ವಾರಕ್ಕೆ ಇಷ್ಟು ಅಂತ ವರ್ಷಗಟ್ಟಲೆ ಹೆಂಗೆ ಕಟ್ತಾರೆ? ಅಲ್ಲಿ ವಾರ ನಿಗದಿ, ಗಂಟೆ ನಿಗದಿ, ಯಾರ ಮನೆ ಜಗಲಿ ಅನ್ನೋದೂ ನಿಗದಿ, ಮೊತ್ತ ಸಣ್ಣದು, ತಪ್ಪಿದ್ರೆ ಹತ್ತು ಜನದ ಮುಂದೆ ಉತ್ತರ ಹೇಳ್ಬೇಕು. ಮೇಲೆ ಹೇಳಿದ ಸೂತ್ರಗಳು ಹೆಚ್ಚು ಕಮ್ಮಿ ಎಲ್ಲಾನೂ ಯಾವ ಸೈಕಾಲಜಿ ಕ್ಲಾಸೂ ಇಲ್ಲದೆ ಆ ಜಗಲಿ ಮೇಲೆ ಸೇರ್ಕೊಂಡಿವೆ. ಚೀಟಿ ಹಾಕೋದೂ ಹಂಗೇ.

ತಪ್ಪಿದ್ರೆ ಬೆಲೆ ತೆರಬೇಕು ಅನ್ನೋ ಇಂಥದ್ದೇ ಕಟ್ಟುಪಾಡನ್ನ ಫಿಲಿಪೈನ್ಸ್‌ನಲ್ಲಿ ಸಿಗರೇಟಿಗೆ ಪ್ರಯೋಗ ಮಾಡಿದ್ರು, 2010ರಲ್ಲಿ ಬಂತು. ಬ್ಯಾಂಕಲ್ಲಿ ತಮ್ಮದೇ ದುಡ್ಡು ಆರು ತಿಂಗಳು ಇಡೋದು, ಕೊನೇಲಿ ನಿಕೋಟಿನ್ ಟೆಸ್ಟು, ಸೇದಿದ್ದು ಗೊತ್ತಾದ್ರೆ ದುಡ್ಡೆಲ್ಲ ದಾನಕ್ಕೆ. ಆ ಅವಕಾಶ ಕೊಟ್ಟ ಗುಂಪಲ್ಲಿ ಟೆಸ್ಟ್ ಪಾಸಾದೋರ ಪ್ರಮಾಣ ಮಿಕ್ಕವರಿಗಿಂತ ಶೇಕಡಾವಾರು 3 ಅಂಶದಷ್ಟು ಹೆಚ್ಚಿತ್ತು, ಒಂದು ವರ್ಷ ಆದ್ಮೇಲೂ ಆ ವ್ಯತ್ಯಾಸ ಉಳ್ಕೊಂಡಿತ್ತು. ಸಣ್ಣದು ಅನ್ಸುತ್ತೆ, ಆದ್ರೆ ತಂಬಾಕು ಬಿಡಿಸೋ ವಿಷಯದಲ್ಲಿ ಅಷ್ಟಕ್ಕೂ ಬೆಲೆ ಇದೆ.

ಚಟ ಆದ್ರೆ ಲೆಕ್ಕ ಬೇರೆ

ಇಲ್ಲಿವರೆಗೂ ಹೇಳಿದ್ದು ಅಭ್ಯಾಸದ ಮಾತು. ಬೀಡಿ, ಸಿಗರೇಟು, ಗುಟ್ಕಾ, ಕಡ್ಡಿಪುಡಿ, ಕುಡಿತ ಇವು ಅಭ್ಯಾಸವೂ ಹೌದು, ಅದರ ಮೇಲೆ ದೇಹವೇ ಆ ಪದಾರ್ಥಕ್ಕೆ ಒಗ್ಗಿಹೋಗಿರುತ್ತೆ. ಟೀ ಅಂಗಡಿ ರೋಡ್ ಬದಲಾಯಿಸೋದು ಸಹಾಯ ಮಾಡುತ್ತೆ, ಪೂರ್ತಿ ಸಾಲದೇ ಇರ್ಬಹುದು. ತಂಬಾಕಿಗೆ ನಿಕೋಟಿನ್ ಗಮ್ಮು, ಮಾತ್ರೆ, ಕೌನ್ಸೆಲಿಂಗ್ ಇವೆ, ಜಿಲ್ಲಾ ಆಸ್ಪತ್ರೇಲಿ ಕೇಳಬಹುದು, ಕೇಂದ್ರ ಸರ್ಕಾರದ ತಂಬಾಕು ಬಿಡಿಸೋ ಸಹಾಯವಾಣಿ 1800-11-2356, ದುಡ್ಡು ಇಲ್ಲ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡೀತಿದ್ದೋರು ಮಾತ್ರ ಶಪಥ ಮಾಡಿ ಒಂದೇ ದಿನಕ್ಕೆ ಪೂರ್ತಿ ನಿಲ್ಲಿಸೋಕೆ ಹೋಗ್ಬಾರದು. ಕೈ ನಡುಕ, ಬೆವರು, ಗಾಬರಿ ಶುರುವಾಗಿ ಕೆಲವರಿಗೆ ಫಿಟ್ಸ್ ಬರುತ್ತೆ, ಜೀವಕ್ಕೇ ಅಪಾಯ ಆಗೋದೂ ಇದೆ. ಡಾಕ್ಟರ್ ನೋಡಿ ಔಷಧಿ ಕೊಟ್ಟು ಹಂತಹಂತವಾಗಿ ಬಿಡಿಸ್ತಾರೆ. ಮನಸ್ಸಿನ ಯಾವುದೇ ತೊಳಲಾಟಕ್ಕೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡ್ತಾರೆ. ಎದೆ ನೋವು ಬಂದೋರು, ಶುಗರ್ ಬಿಪಿ ಇರೋರು ಜೋರು ವ್ಯಾಯಾಮ ಶುರು ಮಾಡೋ ಮುಂಚೆ ಒಂದು ಸಲ ಡಾಕ್ಟರಿಗೆ ತೋರಿಸ್ಕೊಳ್ಳಿ, ನಿಧಾನ ನಡಿಗೆಯಿಂದ ಹತ್ತಿ.